ಒಂಬತ್ತನೇ ನಲ್ಲಿ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಕಿಟಕಿಯ ಕೆಳಗಿದ್ದ ನೀಲಿ ಬಕೆಟ್ ಖಾಲಿಯಾಗಿತ್ತು.

ಖಾಲಿಯಷ್ಟೇ ಅಲ್ಲ, ಒಣಗಿತ್ತು. ಅವನು ಬಗ್ಗಿ ತಳದಲ್ಲಿ ಬೆರಳಾಡಿಸಿದ. ಬೆರಳಿಗೆ ಧೂಳು ಹತ್ತಿತು. ಒಂದು ರಾತ್ರಿ ನೀರು ಹಿಡಿದಿಡಲು ಮರೆತರೆ ಬಕೆಟ್ಟಿನಲ್ಲಿ ಧೂಳು ಕೂರುವುದಿಲ್ಲ. ಇದು ಹಲವು ದಿನಗಳ ಧೂಳು. ಕಿಟಕಿಯ ಕಟ್ಟೆಯ ಮೇಲೆ ಎರಡು ಬಿಳಿ ಟ್ರೇಗಳು, ಟ್ರೇಗಳ ತುಂಬ ಗಿಡ, ಗಿಡಗಳ ಬುಡದಲ್ಲಿ ಎರಡು ಬೆರಳು ಎತ್ತರಕ್ಕೆ ತಿಳಿನೀರು. ನೀರಂತೂ ಹಳೆಯದಲ್ಲ. ನಿನ್ನೆಯದೋ ಮೊನ್ನೆಯದೋ ಇರಬೇಕು. ಹಾಗಾದರೆ ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಟ್ರೇಯಿಂದ ಒಂದೂವರೆ ಮೊಳ ದೂರದಲ್ಲಿ ನಲ್ಲಿಯಿತ್ತು. ಹೆಂಡತಿ ನೇರವಾಗಿ ನಲ್ಲಿಯಿಂದಲೇ ಹಿಡಿದು ಸುರಿಯುತ್ತಿದ್ದಾಳೆ. ಅವನನ್ನು ಚುಚ್ಚಿದ್ದು ಸುರಿಯುವುದಲ್ಲ, ಸುರಿಯಲು ಶುರುಮಾಡಿದ್ದನ್ನು ಅವನಿಗೆ ಹೇಳದೆ ಇದ್ದದ್ದು.

ಎರಡು ತಿಂಗಳ ಹಿಂದೆ ಅವಳು ಒಂದು ಕಟ್ಟು ವಾಟರ್‌ಕ್ರೆಸ್ ಎಂಬ ಸೊಪ್ಪು ತಂದಿದ್ದಳು. ಅರ್ಧ ತಿಂದು, ಉಳಿದ ದಂಟುಗಳನ್ನು ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದಳು. ನಾಲ್ಕನೇ ದಿನಕ್ಕೆ ಗಿಣ್ಣುಗಳಿಂದ ದಾರದೆಳೆಯಂಥ ಬಿಳಿ ಬೇರು ಇಳಿದವು. ಅವಳು ಅವನನ್ನು ಕರೆದು ತೋರಿಸಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಮೆಟ್ಟಿಲ ಕೆಳಗೆ ಬೆಕ್ಕು ಮರಿ ಹಾಕಿದ್ದನ್ನು ತೋರಿಸಲು ಹಾಗೆ ಕರೆದಿದ್ದಳು, ಆಮೇಲೆ ಕರೆದದ್ದು ಇದೇ. ಅವನು ಕಚೇರಿಯಲ್ಲಿ ಮೂಲೆಗೆ ಬಿದ್ದಿದ್ದ ಎರಡು ಟ್ರೇ ತಂದುಕೊಟ್ಟ. ಅವುಗಳ ಅಂಚಿನಲ್ಲಿ ಇಲಾಖೆಯ ಸಂಖ್ಯೆ ಇನ್ನೂ ಇತ್ತು. ಅದು ಗೋಡೆಯ ಕಡೆ ಇರುವಂತೆ ತಿರುಗಿಸಿಟ್ಟ. ಆಗ ಅವಳು ಕೇಳಿದಳು, ನಲ್ಲಿ ನೀರು ಹಾಕಬಹುದಾ ಎಂದು. ಅವನು ಹೇಳಿದ: ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಎಳೆಯ ಬೇರಿಗೆ ಒಗ್ಗದೇ ಇರಬಹುದು, ಒಂದು ರಾತ್ರಿ ಬಾಯಿ ತೆರೆದ ಬಕೆಟ್ಟಿನಲ್ಲಿ ಇಟ್ಟು ವಾಸನೆ ಹೋದ ಮೇಲೆ ಹಾಕು. ಹೇಳುವಾಗ ಅವನ ದನಿ ಸ್ವಲ್ಪ ಏರಿತ್ತು. ಆ ಮನೆಯಲ್ಲಿ ಅವನ ಅಭಿಪ್ರಾಯವನ್ನು ಕೇಳಬಹುದಾದ ವಿಷಯ ಅದೊಂದೇ, ಮತ್ತು ಕೇಳಿದ್ದೂ ಅದೊಂದೇ ಸಲ. ಅಂದಿನಿಂದ ಪ್ರತಿ ಸಂಜೆ ನೀಲಿ ಬಕೆಟ್ ತುಂಬುತ್ತಿತ್ತು. ಗಿಡಕ್ಕೆ ಅವಳು ನೀರುಸೊಪ್ಪು ಎಂದು ಹೆಸರಿಟ್ಟಳು. ದುಂಡು ಎಲೆ, ಬಾಯಲ್ಲಿಟ್ಟರೆ ಮೊದಲು ಏನೂ ಇಲ್ಲ, ಆಮೇಲೆ ಸಾಸಿವೆಯ ಖಾರ ಮೂಗಿಗೆ ಏರುತ್ತದೆ. ಹಸಿಯಾಗಿಯೇ ತಿನ್ನಬೇಕು, ಬೇಯಿಸಿದರೆ ಸತ್ವ ಹೋಗುತ್ತದೆ ಎಂದು ಅವಳು ಕಂಡವರಿಗೆಲ್ಲ ಹೇಳಿ ಹಂಚುತ್ತಿದ್ದಳು.

ಈಗ ಅವಳು ಸ್ನಾನದ ಮನೆಯಲ್ಲಿದ್ದಳು. ನೀರು ಬೀಳುವ ಸದ್ದು ಕೇಳುತ್ತಿತ್ತು. ಕೇಳಿಬಿಡಬಹುದು: ಬಕೆಟ್ ಯಾಕೆ ಒಣಗಿದೆ? ಏಳೆಂಟು ವರ್ಷದ ಮಗುವೂ ಕೇಳಬಹುದಾದ ಪ್ರಶ್ನೆ. ಆದರೆ ಕೇಳಿದರೆ ಅವಳು ಉತ್ತರ ಕೊಡುತ್ತಾಳೆ, ಉತ್ತರ ಕೊಟ್ಟರೆ ಅವನು ಮುಂದೆ ಏನಾದರೂ ಮಾಡಬೇಕಾಗುತ್ತದೆ. ಅವನು ಬಕೆಟ್ಟನ್ನು ಇದ್ದ ಜಾಗದಲ್ಲೇ, ಹಿಡಿಕೆ ಇದ್ದ ದಿಕ್ಕಿಗೇ ಇಟ್ಟ. ತಾನು ಮುಟ್ಟಿದ್ದು ಗೊತ್ತಾಗಬಾರದು ಎಂದು ಯಾಕೆ ಅನ್ನಿಸಿತೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಇನ್ನೂ ಏನೂ ಅಂದಿರಲಿಲ್ಲ.

ಅವನು ನೀರು ಸರಬರಾಜು ಕಚೇರಿಯಲ್ಲಿ ಮಾದರಿ ಹಿಡಿಯುವವನು. ಇಪ್ಪತ್ತೆರಡು ವರ್ಷದ ಕೆಲಸ. ದಿನಕ್ಕೆ ಒಂಬತ್ತು ನಲ್ಲಿಗಳು. ಪ್ರತಿಯೊಂದರಲ್ಲೂ ನೀರನ್ನು ಎರಡು ನಿಮಿಷ ಹರಿಯಲು ಬಿಟ್ಟು, ಗಾಜಿನ ಕೊಳವೆಗೆ ಗೀಟಿನವರೆಗೆ ಹಿಡಿದು, ಒಂದು ಮಾತ್ರೆ ಪುಡಿಮಾಡಿ ಹಾಕಬೇಕು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ. ಎಷ್ಟು ಗುಲಾಬಿ ಎಂಬುದನ್ನು ಬಣ್ಣದ ಬಿಲ್ಲೆಗಳಿರುವ ಡಬ್ಬಿಯಲ್ಲಿ ಹೋಲಿಸಿ ಪುಸ್ತಕದಲ್ಲಿ ಬರೆಯಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಎಂಟು ನಲ್ಲಿಗಳು ಊರಿನ ದೊಡ್ಡ ಲೈನಿನವು. ಒಂಬತ್ತನೆಯದು ದಿಣ್ಣೆಯ ಕಡೆ ಹೋಗುವ ಕವಲು ಲೈನಿನದು. ಆ ಲೈನಿಗೆ ತನ್ನದೇ ಒಂದು ಸಣ್ಣ ಕ್ಲೋರಿನ್ ಕೋಣೆ, ಅದರಿಂದ ನೀರು ಕುಡಿಯುವ ಮನೆಗಳು ನೂರ ನಲವತ್ತು. ದಿಣ್ಣೆಯವರು ಬೆಳಗಿನ ಹೊತ್ತು ಬಾಗಿಲು ತೆರೆಯುವುದಿಲ್ಲ ಎಂಬ ಕಾರಣಕ್ಕೆ, ಆ ಲೈನಿನ ಮೇಲೇ ಮನೆಯಿರುವ ನೌಕರನ ನಲ್ಲಿಯನ್ನೇ ಮಾದರಿ ಜಾಗವಾಗಿ ಗುರುತಿಸುವುದು ಕಚೇರಿಯ ಹಳೆಯ ಪದ್ಧತಿ. ಹಾಗಾಗಿ ಒಂಬತ್ತನೇ ನಲ್ಲಿ ಅವನ ಅಡುಗೆಮನೆಯದು.

ಮೊದಲಿಗೆ ಅವನು ಅದನ್ನೂ ಉಳಿದವುಗಳಂತೆಯೇ ಪರೀಕ್ಷಿಸುತ್ತಿದ್ದ. ಬ್ಯಾಗು ಹೆಗಲಿಗೇರಿಸಿಕೊಂಡು, ಚಪ್ಪಲಿ ಹಾಕಿಕೊಂಡು, ತನ್ನದೇ ಅಡುಗೆಮನೆಗೆ ಹೊರಗಿನವನ ಹಾಗೆ ಬಂದು ನಿಲ್ಲುತ್ತಿದ್ದ. ಹೆಂಡತಿ ನಗುತ್ತಿದ್ದಳು: ಇಲಾಖೆಯವರು ಬಂದಿದ್ದಾರೆ, ಕೂತ್ಕೊಳ್ಳೋಕೆ ಹೇಳ್ಲಾ? ಒಂದು ದಿನ ತಡವಾಯಿತು, ಅಂದು ಹಿಂದಿನ ದಿನದ 0.3 ಅನ್ನೇ ಬರೆದ. ಮರುದಿನ ಪರೀಕ್ಷಿಸಿದಾಗ ನಿಜಕ್ಕೂ 0.3 ಬಂತು. ಅದೇ ಅವನನ್ನು ಕೆಡಿಸಿದ್ದು. ಬರದೆ ಇದ್ದಿದ್ದರೆ ಹೆದರಿ ಸರಿಹೋಗುತ್ತಿದ್ದನೋ ಏನೋ. ತನ್ನ ಮನೆ, ತಾನೇ ಕುಡಿಯುವ ನೀರು, ಇದನ್ನು ಯಾರು ಯಾರಿಗೆ ಸಾಬೀತು ಮಾಡಬೇಕು? ಐದು ತಿಂಗಳಿಂದ ಅವನು ಒಂಬತ್ತನೇ ಸಾಲನ್ನು ಬೆಳಗಿನ ಕಾಫಿ ಕುಡಿಯುತ್ತಾ, ಬೇರೆ ಎಲ್ಲೂ ಹೋಗುವ ಮೊದಲೇ, ತುಂಬಿಬಿಡುತ್ತಿದ್ದ.

ಮೂರು ವಾರದ ಹಿಂದೆ ಹೊಸ ಕೆಮಿಸ್ಟ್ ಬಂದಳು. ಮಗಳ ವಯಸ್ಸಿನವಳು, ಅವನ ಮೇಲಿನ ಹುದ್ದೆ. ಅವಳು ಅವನನ್ನು ಸರ್ ಎನ್ನುತ್ತಿದ್ದಳು, ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಇಬ್ಬರಿಗೂ ಅದರಿಂದ ಸ್ವಲ್ಪ ಮುಜುಗರ. ಒಂದು ಸೋಮವಾರ ಅವಳು ಹಿಂದಿನ ಪುಟಗಳನ್ನು ತಿರುವಿ ಹಾಕುತ್ತಾ, ಎಲ್ಲರೆದುರಿಗೇ, "ಸರ್, ಊರಿನ ನಲ್ಲಿಗಳೆಲ್ಲ ಒಂದಿನ ಮೇಲೆ, ಒಂದಿನ ಕೆಳಗೆ. ನಿಮ್ಮ ಮನೆ ನಲ್ಲಿ ಮಾತ್ರ ಭಾರಿ ಶಿಸ್ತಿನದು" ಅಂದಳು. ಜೀಪಿನ ಡ್ರೈವರ್ ನಕ್ಕ. ಆ ಡ್ರೈವರಿಗೆ ಕಚೇರಿಯಲ್ಲಿ ನಿಧಾನ ಎಂದೇ ಹೆಸರು. ನಗುವೂ ನಿಧಾನವಾಗಿ ಶುರುವಾಗಿ, ಬೇಗ ನಿಲ್ಲದ ಜಾತಿಯದು. ಅವನು ತಾನೂ ನಕ್ಕ. ನಕ್ಕ ಮೇಲೆ, ನಗಬಾರದಿತ್ತು, ತಪ್ಪಿಲ್ಲದವನು ಯಾಕೆ ಹಾಗಂದಿರಿ ಎಂದು ಕೇಳುತ್ತಿದ್ದ ಅನ್ನಿಸಿತು. ಅವಳು ತಮಾಷೆಗೆ ಹೇಳಿದಳೋ, ಗಾಳ ಹಾಕಿ ನೋಡಿದಳೋ? ಪುಸ್ತಕ ಮುಚ್ಚುವಾಗ ಅವಳು ಒಂದು ಪುಟದ ಮೂಲೆ ಮಡಚಿಟ್ಟಳು. ಆಮೇಲೆ ಅವನು ಯಾರೂ ಇಲ್ಲದಾಗ ಹೋಗಿ ಆ ಮಡಿಕೆಯನ್ನು ಬಿಡಿಸಿ, ಉಗುರಿನಿಂದ ಉಜ್ಜಿ ನೆಟ್ಟಗೆ ಮಾಡಿದ. ಗುರುತು ಹೋಗಲಿಲ್ಲ.

ಕಳೆದ ಗುರುವಾರ ಆ ಕೆಮಿಸ್ಟಿನ ಊಟದ ಡಬ್ಬಿಯಲ್ಲಿ ದುಂಡು ಎಲೆಗಳಿದ್ದವು. ಬ್ರೆಡ್ಡಿನ ಮಧ್ಯದಿಂದ ಹೊರಗೆ ಇಣುಕುತ್ತಿದ್ದವು. ಅಂಗಡಿಯಲ್ಲಿ ಸಿಗುವ ಸೊಪ್ಪು ಕಡುಹಸಿರು. ಕಿಟಕಿಯ ಕಟ್ಟೆಯ ಮೇಲೆ ಬೆಳೆದದ್ದಕ್ಕೆ ಬಿಸಿಲು ಸಾಲದೆ ದಂಟು ಉದ್ದವಾಗಿ ಎಲೆ ತೆಳ್ಳಗಾಗುತ್ತದೆ. ಅವನಿಗೆ ತನ್ನ ಮನೆಯ ಎಲೆ ಗೊತ್ತಾಯಿತು. ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಈ ಹುಡುಗಿ ಕನ್ನಡಕ ಹಾಕುತ್ತಾಳೆ. ತಾನು ನೋಡದೆ ಬರೆಯುವುದು ಹೆಂಡತಿಯ ಬಾಯಿಂದ ಇವಳಿಗೆ ತಲುಪಿದೆ ಎಂದುಕೊಳ್ಳಲು ಇಷ್ಟು ಸಾಕಾಗಿತ್ತು. ಗುರುವಾರದಿಂದ ಇವತ್ತಿನವರೆಗೆ ಅವನು ತಲೆಯೊಳಗೆ ಆ ಇಬ್ಬರು ಹೆಂಗಸರನ್ನು ಗಾಜಿನ ಮೇಜಿನ ಆಚೆ ಈಚೆ ಕೂರಿಸಿದ್ದ. ಒಬ್ಬಳು ಮಸೂರ ಬದಲಿಸುತ್ತಾ ಈಗ ಕಾಣುತ್ತಾ ಎಂದು ಕೇಳುತ್ತಿದ್ದಳು, ಇನ್ನೊಬ್ಬಳು ಈಗ ಸ್ಪಷ್ಟವಾಗಿ ಕಾಣುತ್ತೆ ಎನ್ನುತ್ತಿದ್ದಳು. ಹೆಂಡತಿ ಹಾಗೆ ಮಾಡುವವಳಲ್ಲ ಎಂದು ಹೇಳಲು ಅವನಿಗೆ ಧೈರ್ಯವಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನು ಇಲಾಖೆಯ ಪರೀಕ್ಷೆಯಲ್ಲಿ ಫೇಲಾದಾಗ, ಯಾರಿಗೂ ಹೇಳಬೇಡ ಎಂದಿದ್ದ. ಮೂರನೇ ದಿನ ಭಾವಮೈದುನ ಫೋನು ಮಾಡಿ, "ಇರ್ಲಿ ಬಿಡಿ ಭಾವ, ಓದೋ ವಯಸ್ಸಲ್ಲೇ ಓದ್ಲಿಲ್ಲ, ಈಗೇನು" ಎಂದು ಸಮಾಧಾನ ಹೇಳಿದ. ಸಮಾಧಾನ ಹೇಳುವವರ ಹಿಂದೆ ಮನೆಯಲ್ಲಿ ಯಾರೋ ನಗುತ್ತಿದ್ದ ಸದ್ದು ಕೇಳಿತ್ತು. ಬಹುಶಃ ಬೇರೆ ಯಾವುದಕ್ಕೋ ನಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವನಿಗೆ ಆ ಬಹುಶಃ ಸವೆದುಹೋಗಿತ್ತು.

ಸ್ನಾನದ ಮನೆಯ ಸದ್ದು ನಿಂತಿತು. ಅವನು ಟ್ರೇಗಳನ್ನು ನೋಡಿದ. ಎರಡು ವಾರದಿಂದ ಗಿಡ ದಟ್ಟವಾಗಿದೆ, ಬೇರು ಜಡೆಗಟ್ಟಿದೆ. ಟ್ರೇಯ ಬಿಳಿ ಅಂಚಿನಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ತೆಳುವಾದ ಹಸಿರು ಗೆರೆ. ಪಾಚಿ. ಇದನ್ನು ಅವನು ದಿನಾ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ನೀರಿನ ಕೆಲಸ ಮಾಡಿದವನು ಆ ಗೆರೆ ನೋಡಿ, ಟ್ರೇ ತಿಕ್ಕದೆ ಬಿಟ್ಟಿದ್ದಾಳೆ, ಎಂದಷ್ಟೇ ಅಂದುಕೊಂಡಿದ್ದ.

ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದ. ಪುಸ್ತಕದಲ್ಲಿ ಇವತ್ತಿನ ಒಂಬತ್ತನೇ ಸಾಲು ಇನ್ನೂ ಖಾಲಿಯಿತ್ತು. ಜೀಪಿನಲ್ಲಿ ಕೂತ ಮೇಲೆ ಬರೆದರಾಯಿತು. ಕೆಳಮನೆಯ ಟೈಲರ್ ಬಾಗಿಲಿಗೆ ಬೀಗ ಹಾಕುತ್ತಿದ್ದ, ಕೈಯಲ್ಲಿ ಫ್ಲಾಸ್ಕು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವನ ತಾಯಿಯನ್ನು ನಿನ್ನೆ ಸಂಜೆ ಆಸ್ಪತ್ರೆಗೆ ಸೇರಿಸಿದ್ದಾರೆ. ಎರಡು ದಿನದಿಂದ ಭೇದಿ, ನಿಲ್ಲಲೇ ಇಲ್ಲ, ನಿನ್ನೆ ಮಾತು ತೊದಲಲು ಶುರುವಾಯಿತು. ಈಗ ಗ್ಲೂಕೋಸು ಏರಿಸುತ್ತಿದ್ದಾರೆ. ಹಿಂದಿನ ಬೀದಿಯಿಂದಲೂ ಇಬ್ಬರು ಅದೇ ವಾರ್ಡಿನಲ್ಲಿದ್ದಾರೆ. ಎಲ್ಲವನ್ನೂ ಹೇಳಿ ಟೈಲರ್ ತಡವರಿಸಿದ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಅತ್ತಿಗೆ ಕೊಟ್ಟ ಸೊಪ್ಪು ಅಮ್ಮ ದಿನಾ ಹಸಿದೇ ತಿಂತಿದ್ರು. ಅದರಿಂದ ಏನಾದ್ರೂ...? ಡಾಕ್ಟ್ರು ಏನು ತಿಂದ್ರಿ ಅಂತ ಕೇಳಿದ್ರು. ನಾನು ಅದನ್ನ ಹೇಳ್ಲಿಲ್ಲ."

"ಹೇಳಬೇಕಿತ್ತು," ಅಂದ ಅವನು.

"ನಾನೂ ತಿಂದೆ, ನನಗೇನಾಗ್ಲಿಲ್ಲ. ನಿಮ್ಮ ಆಫೀಸಿನ ಮೇಡಂ ಅವರಿಗೂ ಒಂದು ಕಟ್ಟು ಕೊಟ್ಟಿದ್ದೆ, ಬಿಳಿ ಕೋಟು ಬಿಗಿ ಮಾಡಿಸೋಕೆ ಬಂದಿದ್ರಲ್ಲ. ಅವರಿಗೂ ಏನೂ ಆಗಿಲ್ಲ ತಾನೆ?"

ಗುರುವಾರದಿಂದ ಕಟ್ಟಿದ್ದ ಗಾಜಿನ ಮೇಜು, ಮಸೂರ, ಇಬ್ಬರು ಹೆಂಗಸರು, ಎಲ್ಲ ಆ ಮೆಟ್ಟಿಲ ಮೇಲೆ ಕುಸಿಯಿತು. ಹಗುರಾಗಬೇಕಿತ್ತು, ಆಗಲಿಲ್ಲ. ಸಂಚು ಇಲ್ಲವೆಂದ ಮೇಲೆ ಉಳಿದದ್ದು ಒಣಗಿದ ಬಕೆಟ್ ಮಾತ್ರ, ಅದಕ್ಕೆ ಬೇರೆ ಕಾರಣ ಬೇಕಿತ್ತು. ವಾಸನೆ ಹೋಗಲೆಂದು ನೀರನ್ನು ಬಕೆಟ್ಟಿನಲ್ಲಿಡುತ್ತಿದ್ದಳು. ಬಕೆಟ್ಟಿನಲ್ಲಿಡುವುದನ್ನು ಬಿಟ್ಟಳೆಂದರೆ. ಅವನು ವಾಕ್ಯವನ್ನು ಮುಗಿಸಲಿಲ್ಲ. ಟೈಲರನ ಫ್ಲಾಸ್ಕಿನ ಮುಚ್ಚಳದ ಅಂಚಿನಿಂದ ಒಂದು ಹನಿ ಇಳಿಯುತ್ತಿತ್ತು. ಅದರಲ್ಲಿ ಏನಿದೆ ಎಂದು ಕೇಳಿದ. ಕುದಿಸಿದ ನೀರು, ಡಾಕ್ಟರು ಹೇಳಿದ್ದಾರೆ, ಎಂದ ಟೈಲರ್. ಮನೆಯಲ್ಲಿರುವವರೆಲ್ಲ ಕುದಿಸಿಯೇ ಕುಡಿಯಿರಿ, ಸೊಪ್ಪು ಮುಟ್ಟಬೇಡಿ ಎಂದಷ್ಟೇ ಹೇಳಿ ಅವನು ತಿರುಗಿ ಮೇಲೆ ಹತ್ತಿದ. ಹೊರಗೆ ಜೀಪಿನ ಹಾರನ್ನು ಒಮ್ಮೆ ಕೂಗಿ ಸುಮ್ಮನಾಯಿತು. ಡ್ರೈವರ್ ನಿಧಾನ ಎರಡನೇ ಸಲ ಒತ್ತಲು ಹೊತ್ತು ತೆಗೆದುಕೊಳ್ಳುವವನು.

ಚಪ್ಪಲಿ ಬಿಚ್ಚದೆ ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿ ಗಡಿಯಾರ ನೋಡಿದ. ಕೆಲಸ ಕಲಿಸಿದ ಹಳೆಯ ಅಟೆಂಡರು ಈ ಎರಡು ನಿಮಿಷ ಗಡಿಯಾರ ನೋಡುತ್ತಿರಲಿಲ್ಲ, ತನ್ನ ಸಂಬಂಧಿಕರ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಸಾಲು ಮುಗಿದರೆ ಎರಡು ನಿಮಿಷ. ಕೊನೆಯ ವರ್ಷಗಳಲ್ಲಿ ಹೆಸರುಗಳು ಕಡಿಮೆಯಾಗಿ, ನಿಧಾನವಾಗಿ ಹೇಳುತ್ತಿದ್ದ, ಆದರೆ ಎರಡು ನಿಮಿಷಕ್ಕೆ ಒಂದು ಕ್ಷಣ ಕಡಿಮೆ ಮಾಡಲಿಲ್ಲ. ನೀರು ಬೀಳುತ್ತಿತ್ತು. ಕೊಳವೆ ತುಂಬಿಸಿದ, ಮಾತ್ರೆಯನ್ನು ಪುಡಿಮಾಡಿ ಹಾಕಿದ, ಮುಚ್ಚಿ ಅಲುಗಾಡಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ಪುಡಿ ಸುಳಿಸುಳಿಯಾಗಿ ತಿರುಗಿ ಕೆಳಗಿಳಿಯಿತು. ನೀರು ನೀರಾಗಿಯೇ ಇತ್ತು. ಮಾತ್ರೆ ಹಳೆಯದಿರಬೇಕು. ಹೊಸ ಪಟ್ಟಿ ಹರಿದು ಇನ್ನೊಂದು ಹಾಕಿದ. ಗುಲಾಬಿಯ ನೆರಳೂ ಇಲ್ಲ. ಕೊಳವೆಯ ಆಚೆ ನೀರುಸೊಪ್ಪಿನ ಎಲೆಗಳು ದೊಡ್ಡದಾಗಿ, ಬಾಗಿ ಕಾಣುತ್ತಿದ್ದವು.

ಆಗ ಅವನಿಗೆ ಇನ್ನೊಂದು ದಾರಿಯೂ ಕಂಡಿತು, ಬಹಳ ಸ್ಪಷ್ಟವಾಗಿ. ಕ್ಲೋರಿನ್ ಕೋಣೆಯ ಆಪರೇಟರಿಗೆ ಒಂದು ಫೋನು. ಕ್ಲೋರಿನ್ ಬೀಳೋ ಹನಿ ಕೊಳವೆ ಕಟ್ಟಿದೆಯಾ ನೋಡಪ್ಪ, ಸದ್ದಿಲ್ಲದೆ ಸರಿಮಾಡು. ಮಧ್ಯಾಹ್ನದೊಳಗೆ ಲೈನು ಸರಿಯಾಗುತ್ತದೆ. ಒಂಬತ್ತನೇ ಸಾಲಿನಲ್ಲಿ 0.3. ಆಸ್ಪತ್ರೆಯಿಂದ ವಿಚಾರಣೆ ಬಂದರೆ ಪುಸ್ತಕ ಸರಿಯಾಗಿರುತ್ತದೆ, ಉಳಿಯುವುದು ಕಿಟಕಿಯ ಕಟ್ಟೆಯ ಮೇಲಿನ ಸೊಪ್ಪು. ಹಸಿ ಸೊಪ್ಪು, ಪಾಚಿ ಕಟ್ಟಿದ ಟ್ರೇ, ಮನೆಯಲ್ಲಿ ಬೆಳೆದು ಬೀದಿಗೆಲ್ಲ ಹಂಚಿದ ಹೆಂಗಸು. ಯಾರೂ ಅವನನ್ನು ಕೇಳುವುದಿಲ್ಲ. ಅವನು ಯಾರ ಮೇಲೂ ಹೊರಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಫೋನು ಕೈಯಲ್ಲಿತ್ತು.

"ಏನು, ಇವತ್ತು ಇಲಾಖೆಯವರು ಬಂದುಬಿಟ್ಟಿದ್ದಾರೆ?" ಹೆಂಡತಿ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ತಿಂಗಳ ಮೇಲೆ ಆ ಮಾತು. ಅವನು ನಗಲಿಲ್ಲ. ಬಕೆಟ್ಟಿನ ಕಡೆ ಕೈ ತೋರಿಸಿ ಕೇಳಿದ, ಕೊನೆಗೂ.

"ಅದಾ? ನೀರಲ್ಲಿ ವಾಸನೆ ನಿಂತು ಎರಡು ವಾರದ ಮೇಲಾಯ್ತಲ್ಲ. ಇನ್ನು ಯಾಕೆ ಹಿಡಿದಿಡೋದು ಅಂತ ಬಿಟ್ಟೆ."

"ನನಗೆ ಯಾಕೆ ಹೇಳ್ಲಿಲ್ಲ?"

ಅವಳು ಅವನ ಮುಖ ನೋಡಿದಳು, ಆಮೇಲೆ ಅವನ ಕೈಯಲ್ಲಿದ್ದ ಕೊಳವೆ. "ನಿಮಗೆ ಹೇಳೋದೇನು ರೀ? ದಿನಾ ಇದೇ ನಲ್ಲಿದು ಬರೀತೀರಲ್ಲ. ನೀವೇ ನೋಡಿ ಕ್ಲೋರಿನ್ ಕಮ್ಮಿ ಮಾಡ್ಸಿರ್ತೀರಿ ಅಂದ್ಕೊಂಡೆ."

ಅವನು ಇಷ್ಟು ದಿನ ಆ ಬಾಯಿಂದ ನಿರೀಕ್ಷಿಸುತ್ತಿದ್ದದ್ದು ಆರೋಪವನ್ನು. ಆರೋಪಕ್ಕಾದರೆ ಉತ್ತರಗಳು ಸಿದ್ಧವಾಗಿದ್ದವು, ಹನ್ನೊಂದು ವರ್ಷದ ಹಳೆಯ ಫೋನೂ ಅದರಲ್ಲಿತ್ತು. ಕಾಫಿ ಕುಡಿಯುತ್ತಾ ಅವನು ಬರೆಯುವುದನ್ನು ಅವಳು ಕಂಡಿದ್ದಳು. ಪರೀಕ್ಷೆ ಮಾಡಿಯೇ ಬರೆಯುತ್ತಾನೆ, ತಾನು ಏಳುವ ಮೊದಲೇ ಮುಗಿಸಿರುತ್ತಾನೆ ಎಂದು ನಂಬಿದ್ದಳು. ತನ್ನ ಮೂಗಿಗಿಂತ ಅವನ ಪುಸ್ತಕವನ್ನು ನಂಬಿ, ಟೈಲರನ ತಾಯಿಗೆ ಎಲೆ ತೊಳೆದು ಕೊಟ್ಟಿದ್ದಳು. ತೊಳೆದದ್ದು ಇದೇ ನಲ್ಲಿಯಲ್ಲಿ.

"ಕೆಳಗಡೆ ಅಜ್ಜಿ ಆಸ್ಪತ್ರೆಲಿದ್ದಾರೆ," ಅಂದ. "ನಾನು ಐದು ತಿಂಗಳಿಂದ ಇದನ್ನ ನೋಡೇ ಇಲ್ಲ. ಸುಮ್ಮನೆ ಬರೀತಿದ್ದೆ."

ಅವಳು ಮುಂದೆ ಬಂದು, ಇನ್ನೂ ಹರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು. ಆಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಹಿಡಿದು ಒಲೆಯ ಮೇಲಿಟ್ಟಳು. ಕತ್ತರಿ ತೆಗೆದುಕೊಂಡು ಎರಡೂ ಟ್ರೇಗಳ ಸೊಪ್ಪನ್ನು ಬೇರಿನವರೆಗೆ ಕತ್ತರಿಸತೊಡಗಿದಳು. ಕತ್ತರಿಯ ಸದ್ದು ಒಂದೇ ಸಮನಾಗಿತ್ತು, ಸಿಟ್ಟಿನದು ಎಂದು ಹೇಳುವಂತಿರಲಿಲ್ಲ, ಅಲ್ಲ ಎಂದೂ. ಹಸಿ ಖಾರದ ವಾಸನೆ ಅಡುಗೆಮನೆಯಲ್ಲಿ ತುಂಬಿತು. ಅವನು ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಒಂಬತ್ತನೇ ಸಾಲಿನಲ್ಲಿ 0.0 ಎಂದು ಬರೆದು, ಪಕ್ಕದಲ್ಲಿ ಹೊತ್ತು ಹಾಕಿದ: ಆರು ನಲವತ್ತೆಂಟು. ನಂತರ ಆಪರೇಟರಿಗಲ್ಲ, ಕೆಮಿಸ್ಟಿಗೆ ಫೋನು ಮಾಡಿದ.

ಕ್ಲೋರಿನ್ ಕೋಣೆಯಲ್ಲಿ ಹನಿ ಕೊಳವೆ ಉಪ್ಪುಗಟ್ಟಿ ಮುಚ್ಚಿಹೋಗಿತ್ತು. ಪೀಪಾಯಿಯಲ್ಲಿ ದ್ರಾವಣ ಇಳಿಯದೆ ನಿಂತ ಮಟ್ಟವನ್ನೂ ಆಪರೇಟರ್ ದ್ರಾವಣ ತುಂಬಿದ ದಿನಗಳ ಪಟ್ಟಿಯನ್ನೂ ತಾಳೆ ಹಾಕಿ, ಹತ್ತೊಂಬತ್ತು ದಿನ ಎಂದು ಲೆಕ್ಕ ಸಿಕ್ಕಿತು. ಆಪರೇಟರೂ ನೋಡಿರಲಿಲ್ಲ, ಪುಸ್ತಕದಲ್ಲಿ ದಿನಾ 0.3 ಬರುತ್ತಿದೆ, ಹಾಗಾದರೆ ಸರಿಯಿದೆ ಎಂದುಕೊಂಡಿದ್ದ. ಹತ್ತು ಗಂಟೆಯ ಹೊತ್ತಿಗೆ ಕುದಿಸಿ ಕುಡಿಯಿರಿ ಎಂದು ಮೈಕಿನಲ್ಲಿ ಕೂಗುತ್ತಾ ಡ್ರೈವರ್ ನಿಧಾನ ದಿಣ್ಣೆಯ ಬೀದಿಗಳಲ್ಲಿ ಜೀಪು ಓಡಿಸಿದ, ಆ ಒಂದು ದಿನ ವೇಗವಾಗಿ. ಮಧ್ಯಾಹ್ನ ಕೆಮಿಸ್ಟ್ ತನ್ನ ಕೋಣೆಯ ಬಾಗಿಲು ಮುಚ್ಚಿ, ವರದಿ ಬರೆಯಲು ಕೂತಳು. ಬಿಗಿ ಮಾಡಿಸಿದ ಬಿಳಿ ಕೋಟು. ಅವಳ ಕಣ್ಣು ಕೆಂಪಾಗಿತ್ತು, ಸಿಟ್ಟಿಗೋ ಬೆಳಗಿನ ಓಡಾಟಕ್ಕೋ.

"ಹತ್ತೊಂಬತ್ತು ದಿನ ಅಂತ ಬರೀಲಾ ಸರ್?"

"ಲೈನು ಕೆಟ್ಟದ್ದು ಹತ್ತೊಂಬತ್ತು ದಿನ ಮೇಡಂ. ನಾನು ನೋಡದೆ ಬರೆದದ್ದು ಐದು ತಿಂಗಳು."

ಅವಳು ತಲೆಯೆತ್ತಿ ನೋಡಿದಳು. ಶಿಸ್ತಿನ ನಲ್ಲಿ ಎಂದದ್ದು ಬರೀ ತಮಾಷೆಗೆ ಎಂಬುದು ಆ ನೋಟದಲ್ಲಿ ಅವನಿಗೆ ತಿಳಿಯಿತು. ಅವಳಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವಳು ಪೆನ್ನು ಮುಂದಿಟ್ಟಳು, ಅವನು ಸಹಿ ಹಾಕಿದ. ಸಂಜೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬೇಡಿ ಎಂದು ಬರೆದ ಕಾಗದವನ್ನು ನಿಧಾನನೇ ತಂದುಕೊಟ್ಟ, ಕೊಡುವಾಗ ಬೇರೆ ಕಡೆ ನೋಡಿದ. ದಾರಿಯಲ್ಲಿ ಅವನು ಆಸ್ಪತ್ರೆಗೆ ಹೋದ. ಟೈಲರನ ತಾಯಿ ನಿದ್ದೆಯಲ್ಲಿದ್ದರು, ಮೂರನೇ ಬಾಟಲಿ ಏರುತ್ತಿತ್ತು. ತಪ್ಪು ಸೊಪ್ಪಿನದಲ್ಲ, ನೀರಿನದು, ಅದು ನನ್ನ ಕೆಲಸವಾಗಿತ್ತು ಎಂದು ಟೈಲರನಿಗೆ ಹೇಳಿದ. ಟೈಲರ್ ಬಹಳ ಹೊತ್ತು ಅಳತೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಕೂತ್ಕೊಳ್ಳಿ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಮಿಸ್ಟ್ ಬ್ಯಾಗು ಹೆಗಲಿಗೇರಿಸಿಕೊಂಡು ಅವರ ಮನೆಗೆ ಬಂದಳು. ಒಂಬತ್ತನೇ ಮಾದರಿಯ ಜಾಗ ಬದಲಾಗಿರಲಿಲ್ಲ, ಹಿಡಿಯುವವರು ಮಾತ್ರ ಬದಲಾಗಿದ್ದರು. ಅವನು ಅಡುಗೆಮನೆಯ ಬಾಗಿಲ ಪಕ್ಕ ದಾರಿ ಬಿಟ್ಟು ನಿಂತ. ಹೆಂಡತಿ, ಬೇರು ಮಾತ್ರ ಉಳಿದಿದ್ದ ಟ್ರೇಗಳನ್ನು ಸರಿಸಿ ಜಾಗ ಮಾಡಿ ನಲ್ಲಿ ತಿರುಗಿಸಿದಳು. ಮೂವರೂ ಗಡಿಯಾರ ನೋಡುತ್ತಾ ಎರಡು ನಿಮಿಷ ನಿಂತರು. ನೀರು ಗುಲಾಬಿಯಾಯಿತು. 0.4.

ಆ ಸಂಜೆ ಹೆಂಡತಿ ನೀಲಿ ಬಕೆಟ್ಟನ್ನು ತೊಳೆದು, ನೀರು ತುಂಬಿಸಿ, ಕಿಟಕಿಯ ಕೆಳಗಿಟ್ಟಳು.